ತವರಿನ ಹೆಸರೇನು?

ಚರ್ಮದ ಡಾಕ್ಟರ್ ಎಂದರೆ ನಮ್ಮ ಬಂಧುಬಳಗದಲ್ಲಿ ಇವತ್ತಿಗೂ ಅರ್ಧ ಡಾಕ್ಟರ್. ಮದುವೆ ಮನೆಯಲ್ಲಿ ಯಾರಿಗಾದರೂ ಎದೆ ನೋವು ಬಂದರೆ ನನ್ನನ್ನು ದಾಟಿಕೊಂಡು ಹೋಗಿ ನನ್ನ ಮೈದುನನನ್ನು ಕರೆಯುತ್ತಾರೆ. ಅವನು ಹಲ್ಲಿನ ಡಾಕ್ಟರು! ನನ್ನ ಹತ್ತಿರ ಬರುವವರು ಮೊಡವೆ, ತಲೆಹೊಟ್ಟು, ಕಣ್ಣಿನ ಕೆಳಗಿನ ಕಪ್ಪು ಇಂಥವನ್ನೇ ಕಿವಿಯಲ್ಲಿ ಪಿಸುಗುಟ್ಟಿ ಹೋಗುತ್ತಾರೆ. "ನಿನಗೇನವ್ವ, ಗಡಿಬಿಡಿ ಇಲ್ಲ, ಸಾವಿಲ್ಲ, ಆರಾಮ ಕೆಲಸ" ಎಂದು ನಮ್ಮ ಸೋದರತ್ತೆ ಕಡೆಯತನಕ ಹೇಳುತ್ತಲೇ ಇದ್ದಳು. ಅವಳ ಜೊತೆ ಜಗಳ ಆಡಿ ಆಡಿ ನಾನೇ ಸೋತೆ. ಈಗ ನಿವೃತ್ತಳಾಗಿ ಪುಣೆಯ ಸದಾಶಿವ ಪೇಠದ ಮನೆಯಲ್ಲಿ ಕೂತಿದ್ದೇನೆ. ಜಗಳಕ್ಕೆ ಬೇಕಾದಷ್ಟು ಪುರುಸೊತ್ತಿದೆ, ಎದುರಿಗೆ ಅತ್ತೆ ಇಲ್ಲ. ಅದಕ್ಕೇ ಈ ಶಾಖೆಗೆ ಹೊಸದಾಗಿ ಕಾಲಿಡುತ್ತಿರುವ ಹುಡುಗ ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ. ನನ್ನ ಬಡ್ತಿ, ಶಾಲು, ಹಾರ, ತಾಮ್ರದ ಫಲಕಗಳ ಸುದ್ದಿ ಇಲ್ಲಿಲ್ಲ. ಅವೆಲ್ಲ ಅಟ್ಟದ ಮೇಲೆ ಧೂಳು ತಿನ್ನುತ್ತಿವೆ.

ನಮ್ಮಲ್ಲೂ ಸಾವಿದೆ, ಮಕ್ಕಳೇ. ಅದೂ ಎಂಥ ಸಾವು! ನೆಗಡಿಗೆ, ಮೈಕೈ ನೋವಿಗೆ, ಮೂರ್ಛೆಗೆ ಕೊಟ್ಟ ಗುಳಿಗೆ, ಸಾವಿರ ಜನರಿಗೆ ಗುಣ ಮಾಡಿದ ಗುಳಿಗೆ, ಯಾರೋ ಒಬ್ಬರ ಮೈಗೆ ಮಾತ್ರ ಆಗಿಬರುವುದಿಲ್ಲ. ಮೊದಲು ಜ್ವರ, ಕಣ್ಣುರಿ. ಆಮೇಲೆ ಬಾಯಿ ಹುಣ್ಣಾಗುತ್ತದೆ, ಚರ್ಮ ಮುಟ್ಟಿದರೆ ನೋಯುತ್ತದೆ. ನಸುಗೆಂಪು ಚುಕ್ಕೆಗಳು ಕಪ್ಪಾಗಿ, ಗುಳ್ಳೆಯಾಗಿ, ಬೆರಳಿನಿಂದ ಮೆತ್ತಗೆ ಒತ್ತಿ ಸರಿಸಿದರೆ ಮೇಲಿನ ಪದರ ಜಾರಿ ಬರುತ್ತದೆ. ಬೆಂಕಿಯಿಲ್ಲದೆ ಸುಟ್ಟ ಮೈ ಅದು. ಆಗ ಡಾಕ್ಟರಾದವರು ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಔಷಧ? ಅದನ್ನು ಕಂಡುಹಿಡಿದು ನಿಲ್ಲಿಸಿದರೆ ಜೀವ ಉಳಿಯುವ ದಾರಿ ಕಾಣುತ್ತದೆ. ಇದಕ್ಕೆ ಇವತ್ತಿಗೂ ಒಂದು ಯಂತ್ರ ಬಂದಿಲ್ಲ. ಕಣ್ಣು, ಕಿವಿ ಮತ್ತು ತಾಳ್ಮೆ ಬೇಕು. ಮೊದಲ ಎರಡು ನನಗೆ ದೇವರು ಕೊಟ್ಟಿದ್ದ, ಮೂರನೆಯದನ್ನು ಸಾಠೆ ಮೇಡಂ ಕಲಿಸಿದರು.

ಸಾಠೆ ಮೇಡಂ ನಮ್ಮ ವಿಭಾಗದ ಮುಖ್ಯಸ್ಥೆ. ಗಂಜಿ ಹಾಕಿದ ಕಾಟನ್ ಸೀರೆ, ಸಣ್ಣ ದನಿ, ಮೂಗಿನ ತುದಿಯಲ್ಲಿ ಕನ್ನಡಕ. ಬಿಜಾಪುರದ ಕಡೆಯಿಂದ ಬಂದ ನಾನು ಆ ಆಸ್ಪತ್ರೆಗೆ ಸೇರಿದ ಹೊಸದರಲ್ಲಿ ಮರಾಠಿ ಮಾತಾಡಿದರೆ ಉಳಿದವರು ಬಾಯಿಗೆ ಕರ್ಚೀಫು ಒತ್ತಿಕೊಂಡು ನಗುತ್ತಿದ್ದರು. ಮೇಡಂ ಒಮ್ಮೆ ಎಲ್ಲರ ಎದುರಿಗೇ ಅಂದರು, "ನಗೋದು ಆಮೇಲೆ. ನಮ್ಮ ವಾರ್ಡಿನಲ್ಲಿ ಗುಲಬರ್ಗಾ, ಬಿಜಾಪುರ ಕಡೆಯ ಜನ ಎಷ್ಟು ಇದ್ದಾರೆ ನೋಡಿ. ಅವರು ನೋವನ್ನು ಮರಾಠಿಯಲ್ಲಿ ಹೇಳಬಲ್ಲರು, ಗುಟ್ಟನ್ನು ಹೇಳಲಾರರು. ಇವಳ ಕನ್ನಡ ನಮಗೆ ಬೇಕು." ಆವತ್ತಿನಿಂದ ನಾನು ಅವರ ಬಾಲ ಹಿಡಿದವಳು, ಬಿಡಲೇ ಇಲ್ಲ.

ಅವರು ರೋಗಿಯ ಮೈ ಮುಟ್ಟುವ ಮೊದಲು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ನಾವು ನಿಂತುಕೊಂಡು ಕೈಗಡಿಯಾರ ನೋಡಿಕೊಳ್ಳುತ್ತಿದ್ದೆವು. "ರೋಗಿ ಸುಳ್ಳು ಹೇಳಿದ ಎಂದು ದೂರಬೇಡಿ. ನಿಮ್ಮ ಪ್ರಶ್ನೆ ಅವನ ಮನೆ ಬಾಗಿಲಿನ ತನಕ ಹೋಗಿಲ್ಲ" ಎಂಬುದು ಅವರ ಮಾತು. ಇದರ ಅರ್ಥ ನನಗೆ ಆದದ್ದು ಶೆಟ್ಟರ ತುಟಿಯಿಂದ.

ಶೆಟ್ಟರು ಕುಂದಾಪುರದ ಕಡೆಯವರು, ಆಸ್ಪತ್ರೆಯಿಂದ ಸ್ವಲ್ಪ ದೂರದಲ್ಲಿ ಅವರ ಹೋಟೆಲು. ಅವರ ಕೆಳತುಟಿಯ ಮೇಲೊಂದು, ಬಲ ಅಂಗೈ ಹಿಂದೊಂದು ಕಪ್ಪು ಕಲೆ. ಆಗಾಗ ಆ ಕಲೆ ಇದ್ದಲ್ಲೇ ಕೆಂಪಾಗಿ ಉರಿಯುವುದು, ನೀರು ತುಂಬುವುದು, ಮತ್ತೆ ಮೊದಲಿಗಿಂತ ಕಪ್ಪಾಗಿ ಕೂರುವುದು. ಒಬ್ಬರು ಬೀಡಾ ಬಿಡಿ ಅಂದಿದ್ದರು, ಇನ್ನೊಬ್ಬರು ಸಿಗರೇಟು ಬಿಡಿ ಅಂದಿದ್ದರು. "ಬಿಡಲಿಕ್ಕೆ ನಾನು ಹಿಡಿದರಲ್ಲವಾ ಡಾಕ್ಟ್ರೇ?" ಎಂದು ಶೆಟ್ಟರು ನನ್ನ ಮುಂದೆ ಹಣೆ ಚಚ್ಚಿಕೊಂಡರು. ನಾನು ಪುಸ್ತಕದ ಪ್ರಶ್ನೆ ಕೇಳಿದೆ: ಏನಾದರೂ ಔಷಧ ತಗೊಳ್ತೀರಾ?

"ಮದ್ದಾ? ಇಲ್ಲ ಮಾರಾಯ್ರೆ. ನಾನು ಮದ್ದು ಮುಟ್ಟುವ ಜನವೇ ಅಲ್ಲ."

ಸಾಠೆ ಮೇಡಂ ಕುರ್ಚಿ ಎಳೆದುಕೊಂಡರು. ಹೋಟೆಲಿನ ಸಾಂಬಾರಿನಿಂದ ಮಾತು ಶುರುವಾಯಿತು, ಅವರ ಮರಾಠಿಯನ್ನೂ ಶೆಟ್ಟರ ಕನ್ನಡವನ್ನೂ ನಡುವೆ ನಾನು ದಾಟಿಸುತ್ತಿದ್ದೆ. ಮೆಲ್ಲಗೆ ಕೇಳಿದರು: ಕಲೆ ಉರಿಯುವ ಹಿಂದಿನ ದಿನ ಏನು ತಿಂದಿದ್ದಿರಿ, ನೆನಪಿದೆಯಾ?

ಶೆಟ್ಟರು ನಕ್ಕುಬಿಟ್ಟರು. "ಎಂತ ತಿನ್ನುದು ಮೇಡಂ? ಅವತ್ತು ಸಂಕಷ್ಟಿ. ಚಂದ್ರ ಕಾಣುವವರೆಗೆ ಉಪವಾಸ."

"ಉಪವಾಸದಲ್ಲಿ ತಲೆ ನೋಯುವುದಿಲ್ಲವಾ?"

"ನೋಯ್ತದೆ, ಸಿಡಿಯುವ ಹಾಗೆ ನೋಯ್ತದೆ. ಒಂದು ಗುಳಿಗೆ ನುಂಗಿ ಗಲ್ಲಾದಲ್ಲಿ ಕೂತ್ಕೊಳ್ತೇನೆ. ಅಯ್ಯೋ, ಅದು ಮದ್ದಾ? ತಲೆನೋವಿನ ಗುಳಿಗೆ ಅಲ್ಲವಾ ಅದು!"

ಸಂಕಷ್ಟಿ ಬಂದಾಗಲೆಲ್ಲ ತುಟಿ ಉರಿಯುತ್ತದೆಂದು ಅವರ ಮನೆಯವರು ಗಣಪತಿಗೆ ತಪ್ಪು ಕಾಣಿಕೆ ಕಟ್ಟಿದ್ದರಂತೆ. ಮೇಡಂ ಕೈ ಮುಗಿದು ಹೇಳಿದರು, "ಗಣಪತಿ ಉಪವಾಸ ಮಾಡು ಅಂದಿದ್ದಾನೆ ಶೆಟ್ಟರೇ, ಗುಳಿಗೆ ನುಂಗು ಅಂದಿಲ್ಲ. ಅವನ ತಪ್ಪಿಲ್ಲ." ಗುಳಿಗೆ ಬಿಟ್ಟರು, ತುಟಿ ತಣ್ಣಗಾಯಿತು. ಶೆಟ್ಟರು ನಮ್ಮ ವಿಭಾಗಕ್ಕೆ ಜನ್ಮದ ನೆಂಟರಾದರು. ಅವತ್ತಿನಿಂದ ನಾನು "ಔಷಧ ತಗೊಂಡಿರಾ" ಎಂದು ಕೇಳುವುದನ್ನು ಬಿಟ್ಟೆ. ತಲೆ ನೋವಿಗೆ ಏನು ಮಾಡುತ್ತೀರಿ, ನಿದ್ದೆ ಬರದಿದ್ದರೆ ಏನು, ಹೊಟ್ಟೆ ಕಟ್ಟಿದರೆ ಏನು, ಪಕ್ಕದ ಮನೆಯವರು ಏನು ಕೊಟ್ಟರು ಎಂದು ಒಂದೊಂದಾಗಿ ಕೇಳುತ್ತಿದ್ದೆ. ನೀವೂ ಹಾಗೇ ಕೇಳಿ. ಮನೆಯ ಡಬ್ಬಿಯಲ್ಲಿರುವ ಗುಳಿಗೆಯನ್ನು ನಮ್ಮ ಜನ ಉಪ್ಪು ಸಕ್ಕರೆಯ ಜೊತೆ ಲೆಕ್ಕ ಹಾಕುತ್ತಾರೆ.

ಈಗ ನಾನು ನಿಜವಾಗಿ ಹೇಳಬೇಕೆಂದು ಕೂತ ಹುಡುಗಿಯ ಕತೆಗೆ ಬರುತ್ತೇನೆ. ಅವಳು ಒಪ್ಪಿ "ಬರೀರಿ" ಅಂದ ಮೇಲೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಬೇರೆ ಇಟ್ಟಿದ್ದೇನೆ. ಅವಳಿಗೆ ಹೆಸರು ಬದಲಾಗುವುದು ಹೊಸದೇನಲ್ಲ ಎಂಬುದು ನಿಮಗೆ ಮುಂದೆ ತಿಳಿಯುತ್ತದೆ.

ಅವಳನ್ನು ಊರಾಚೆಯ ನಿಗಡಿಯಿಂದ ರಿಕ್ಷಾದಲ್ಲಿ ಕರೆತಂದಿದ್ದರು. ಹೊಸ ಮದುವಣಗಿತ್ತಿ, ಕೈಯಲ್ಲಿ ಹಸಿರು ಬಳೆ ಇನ್ನೂ ಹೊಳೆಯುತ್ತಿತ್ತು. ಕಣ್ಣು ತೆರೆಯಲಾಗದಂತೆ ಊದಿತ್ತು, ತುಟಿಯ ಮೇಲೆ ರಕ್ತ ಹೆಪ್ಪುಗಟ್ಟಿತ್ತು, ಎದೆ ಬೆನ್ನಿನ ಚರ್ಮ ಹಾಳೆ ಹಾಳೆಯಾಗಿ ಏಳುತ್ತಿತ್ತು. ಆಸ್ಪತ್ರೆಯ ಚೀಟಿಯಲ್ಲಿ ಹೆಸರು ಸ್ನೇಹಾ. ಗಂಡ ಶರಣಪ್ಪ ಯಾವುದೋ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುವ ಹುಡುಗ, ಕಂಬಕ್ಕೆ ಒರಗಿಕೊಂಡು ಅಳುತ್ತಿದ್ದ. ಮಾತೆಲ್ಲ ಅವನ ತಾಯಿ ನಿಂಗಮ್ಮನದು. ಗುಲಬರ್ಗಾ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು, ಇಟ್ಟಿಗೆ ಹೊತ್ತು ಮಗನನ್ನು ಓದಿಸಿದ ಗಟ್ಟಿ ಹೆಣ್ಣುಮಗಳು. ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ತಡ, ಕೈ ಹಿಡಿದುಕೊಂಡುಬಿಟ್ಟಳು.

"ಡಾಕ್ಟ್ರಬಾಯಿ, ಮೊನ್ನಿ ಉರಿಮೂತ್ರ ಅಂತ ಹತ್ರದ ದವಾಖಾನಿಗೆ ಕರ್ಕೊಂಡು ಹೋಗಿದ್ವಿರೀ. ಗುಳಿಗಿ ಕೊಟ್ರು. ಮರುದಿನಾನೇ ಕಣ್ಣು ಕೆಂಪಗಾದ್ವು. ನಮ್ಮ ಮನಿ ಬೆಳಕು ಅದ ರೀ ಇದು, ಹೆಂಗಾರ ಮಾಡಿ ಉಳಿಸ್ರಿ."

ಅವಳು ನುಂಗಿದ್ದು ಮೂರು ಬಗೆಯ ಗುಳಿಗೆ: ಜ್ವರದ್ದು, ನೋವಿನದು, ಮೂತ್ರದ ಸೋಂಕಿಗೆ ಕೊಟ್ಟ ಸಲ್ಫಾ. ನಮ್ಮ ಕಿರಿಯ ಡಾಕ್ಟರುಗಳು ಪುಸ್ತಕ ಚೆನ್ನಾಗಿ ಓದಿದವರು. ಇಂಥ ಪ್ರತಿಕ್ರಿಯೆ ಗುಳಿಗೆ ಶುರುವಾಗಿ ಕೆಲವು ದಿನ, ಕೆಲವು ವಾರ ಕಳೆದ ಮೇಲೆ ಬರುತ್ತದೆ ಎಂದು ಓದಿದ್ದರು. ಇಲ್ಲಿ ಮರುದಿನವೇ ಬಂದಿದೆ. ಆದ್ದರಿಂದ ಇದು ಗುಳಿಗೆಯಿಂದ ಆದದ್ದಲ್ಲ, ಯಾವುದೋ ಸೋಂಕು. ಮೂತ್ರದ ಗುಳಿಗೆ ಮುಂದುವರಿಸೋಣ ಎಂಬುದು ಅವರ ವಾದ. ನನಗೂ ಅದು ಸರಿಯೆಂದೇ ತೋರಿತು.

ಅತ್ತ ಸುಟ್ಟಗಾಯದ ವಾರ್ಡಿನ ಸಿಸ್ಟರ್ ಟ್ರೇ ಹಿಡಿದುಕೊಂಡು ಬಂದು ನಿಂತಿದ್ದರು. ಚರ್ಮ ಸುಲಿದ ಮೈ ಯಾವುದೇ ಇರಲಿ, ಮೊದಲು ಬಿಳಿ ಮುಲಾಮು ದಪ್ಪಗೆ ಬಳಿಯುವುದು ಆ ವಾರ್ಡಿನ ರೂಢಿ. ಡಬ್ಬಿಯ ಮುಚ್ಚಳ ತೆಗೆದಾಗಿತ್ತು, ಕೈಗವಸು ಹಾಕಿಯಾಗಿತ್ತು.

ಸಾಠೆ ಮೇಡಂ ಬಂದರು. ಯಥಾಪ್ರಕಾರ ಕುರ್ಚಿ. ಎಲ್ಲರೂ ಸುಲಿದ ಬೆನ್ನನ್ನು ನೋಡುತ್ತಿದ್ದರೆ ಅವರು ಹತ್ತಿಯಿಂದ ಕಣ್ಣು ಒರೆಸಿ ರೆಪ್ಪೆಯನ್ನು ಮೆಲ್ಲಗೆ ಎತ್ತಿದರು. ಬ್ಯಾಟರಿಯ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಹೋಗಿ ಕಾಲಿನ ಮೇಲಿನ ಹೊದಿಕೆ ಸರಿಸಿ ಬೆರಳುಗಳನ್ನು ನೋಡಿದರು. ನನ್ನನ್ನು ಕರೆದು ತೋರಿಸಿದರು. ಕೆಲವು ರೆಪ್ಪೆಗೂದಲು ಒಳಮುಖವಾಗಿ ಬೆಳೆದಿದ್ದವು. ಕಾಲ್ಬೆರಳುಗಳಲ್ಲಿ ಕೆಲವಕ್ಕೆ ಉಗುರೇ ಇರಲಿಲ್ಲ, ಅಲ್ಲಿ ಚರ್ಮ ಹಳೆಯದಾಗಿ ಮಾಗಿತ್ತು.

"ಈ ರೆಪ್ಪೆ ನಿನ್ನೆ ತಿರುಗಿದ್ದಲ್ಲ" ಅಂದರು ಮೇಡಂ. "ಇವಳ ಕಣ್ಣು ಹಿಂದೊಮ್ಮೆ ಹೀಗೇ ಬೆಂದಿದೆ, ಉಗುರು ಉದುರಿವೆ. ಮರುದಿನವೇ ಬಂತು, ಆದ್ದರಿಂದ ಗುಳಿಗೆಯಲ್ಲ ಅನ್ನುತ್ತೀರಲ್ಲ? ಉಲ್ಟಾ ಯೋಚನೆ ಮಾಡಿ. ಮರುದಿನವೇ ಬಂತು, ಅಂದರೆ ಇದು ಮೊದಲ ಸಲ ಅಲ್ಲ. ಮೈಗೆ ಆ ಗುಳಿಗೆಯ ಗುರುತು ಮೊದಲೇ ಇತ್ತು. ಎಲ್ಲ ಗುಳಿಗೆ ಈಗಲೇ ನಿಲ್ಲಿಸಿ. ಸಿಸ್ಟರ್, ಆ ಡಬ್ಬಿಯನ್ನು ಸ್ವಲ್ಪ ಹಿಡಿದುಕೊಂಡಿರಿ."

ನಾನು ಬೆರಗಾಗಿ ನಿಂತೆ. ಇಷ್ಟು ವರ್ಷ ಕಳೆದರೂ ಆ ಬೆರಗು ನನಗೆ ಇಳಿದಿಲ್ಲ. ಇಪ್ಪತ್ತು ಕಣ್ಣುಗಳು ನೋಡುತ್ತಿದ್ದ ಮೈಯಲ್ಲಿ ಆಕೆ ಒಂದು ರೆಪ್ಪೆಗೂದಲು ಹಿಡಿದು ಹಿಂದಿನ ಜನ್ಮ ಓದಿಬಿಟ್ಟರಲ್ಲ!

ನಾನು ನಿಂಗಮ್ಮನನ್ನು ಕೇಳಿದೆ, ಇವಳಿಗೆ ಮೊದಲು ಹೀಗೆ ಆಗಿತ್ತಾ ಎಂದು.

"ಇಲ್ರೀ ಯವ್ವಾ! ನಮ್ಮ ಮನೀಗಿ ಬಂದಾಗಿಂದ ಒಂದು ಸೀನು ಸೀನಿಲ್ಲ ಇದು. ಆ ದವಾಖಾನ್ಯಾಗೂ ಕೇಳಿದ್ರು, ಯಾವುದಾರ ಔಷಧ ಆಗಂಗಿಲ್ಲೇನು ಅಂತ. ಏನೂ ಇಲ್ರೀ, ಕಲ್ಲು ಕೊಟ್ರೂ ಕರಗಿಸ್ತಾಳ ಅಂತ ನಾನೇ ಹೇಳಿದ್ನಿ."

ಇದನ್ನು ಮರಾಠಿಯಲ್ಲಿ ಮೇಡಂಗೆ ಹೇಳಿದೆ. ಅವರು ನಿಂಗಮ್ಮನನ್ನೂ ಶರಣಪ್ಪನನ್ನೂ ಹೊರಗೆ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಅತ್ತೆ ಹೇಳುತ್ತಿರುವುದು ತಮ್ಮ ಮನೆಗೆ ಬಂದ ಮೇಲಿನ ಕತೆ. ಇವಳ ತವರಿನ ಹೆಸರೇನು, ಕೇಳು" ಅಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಮೇಡಂ ಮೆತ್ತಗೆ ಹೇಳಿದರು, "ಮದುವೆಯಲ್ಲಿ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಸುತ್ತಾರಲ್ಲ? ನನಗೂ ಬರೆಸಿದ್ದರು. ನಾನು ಹುಟ್ಟಿದ್ದು ಕುಸುಮ. ಹಾಗೆ ಕರೆಯುವವರು ಈಗ ಯಾರೂ ಉಳಿದಿಲ್ಲ. ಯಾರಾದರೂ ಕರೆದರೆ ನನ್ನ ಬಾಯಿಂದ ಏನು ಬೇಕಾದರೂ ಹೊರಬೀಳಬಹುದು."

ನಾನು ಬಗ್ಗಿ ಆ ಹುಡುಗಿಯ ಕಿವಿಯ ಹತ್ತಿರ ಕೇಳಿದೆ, "ತಂಗಿ, ತವರಾಗ ನಿನಗ ಏನಂತ ಕರೀತಿದ್ರವ್ವಾ?"

ಆ ಹುಣ್ಣಾದ ತುಟಿಗಳು ಅಲುಗಿದವು. "ಮಾದೇವಿ."

"ಮಾದೇವೀ" ಎಂದು ಕರೆದೆ. ನಮ್ಮವ್ವ ನನ್ನನ್ನು ಕರೆಯುವ ರಾಗದಲ್ಲೇ ಕರೆದೆ. ಮುಚ್ಚಿದ ಕಣ್ಣುಗಳಿಂದ ನೀರು ಇಳಿಯತೊಡಗಿತು. ಹಸಿ ಗಾಯದ ಮೇಲೆ ಉಪ್ಪು ನೀರು ಎಷ್ಟು ಉರಿದಿರಬೇಕು! ಒಂದೊಂದೇ ಮಾತು ತಡೆದು ತಡೆದು ಬಂತು.

"ಸಣ್ಣಾಕಿ ಇದ್ದಾಗ ಹಿಂಗೇ ಆಗಿತ್ರೀ... ಭಾಳ ದಿನ ದವಾಖಾನ್ಯಾಗಿದ್ದೆ... ಸಲ್ಫಾ ಕೊಡಬ್ಯಾಡ್ರಿ ಅಂತ ಚೀಟಿ ಬರದು ಕೊಟ್ಟಿದ್ರು. ಅವ್ವ ಟ್ರಂಕಿನ್ಯಾಗ ಇಟ್ಟಾಳ. ಆ ಚೀಟಿ ಮಾದೇವಿದು, ನೀ ಈಗ ಸ್ನೇಹಾ, ಅದನ್ನ ಒಯ್ಯಬ್ಯಾಡ ಅಂದ್ಲು. ಗೊತ್ತಾದ್ರ ತೊಗಲಿನ ರೋಗದಾಕಿ ಅಂತ ತಿರುಗಿ ಕಳಸ್ತಾರ ಅಂತ ಆಣಿ ಹಾಕಿಸ್ಯಾಳ. ಗುಳಿಗಿ ಸಲ್ಫಾ ಅಂತ ನನಗ ಗೊತ್ತಿದ್ದಿಲ್ರೀ. ಅತ್ತಿ ಮುಂದ ನಿಂತಿದ್ಲು... ಕೇಳಲಿಲ್ಲ."

"ಸಲ್ಫಾ" ಎಂಬ ಮಾತು ಕಿವಿಗೆ ಬಿದ್ದದ್ದೇ ಸಾಠೆ ಮೇಡಂ ತಿರುಗಿದರು. ಸಿಸ್ಟರ್ ತಡ ಆಯಿತೆಂದು ಮುಲಾಮಿನಲ್ಲಿ ಬೆರಳು ಅದ್ದಿದ್ದರು. "ಥಾಂಬಾ!" ನಿಲ್ಲಿಸಿ ಎಂದು ಮೇಡಂ ಕೂಗಿದರು. ಅವರ ಜೊತೆ ಕೆಲಸ ಮಾಡಿದ ಅಷ್ಟೂ ವರ್ಷದಲ್ಲಿ ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಸುಟ್ಟಗಾಯಕ್ಕೆ ಹಚ್ಚುವ ಆ ಬಿಳಿ ಮುಲಾಮಿನಲ್ಲೂ ಸಲ್ಫಾ ಇರುತ್ತದೆ. ಚರ್ಮವಿಲ್ಲದ ಮೈ ತುಂಬ ಅದನ್ನೇ ಬಳಿದಿದ್ದರೆ ಏನಾಗುತ್ತಿತ್ತೋ! ಸಿಸ್ಟರ್ ಡಬ್ಬಿ ಮುಚ್ಚಿಟ್ಟು ಗೋಡೆಗೆ ಒರಗಿ ನಿಂತುಬಿಟ್ಟರು. ಅವರ ತಪ್ಪೇನೂ ಇರಲಿಲ್ಲ. ರೂಢಿ ಎಂಬುದು ಹಾಗೇ, ಯೋಚನೆಗಿಂತ ಮೊದಲು ಕೈ ಓಡುತ್ತದೆ.

ಇನ್ನು ಮೈಗೆ ಏನು ಹೊದಿಸುವುದು? ಬಟ್ಟೆ ಅಂಟುತ್ತದೆ, ಬಿಡಿಸಿದರೆ ಇದ್ದ ಚರ್ಮವೂ ಬರುತ್ತದೆ. ಈಗ ಸಿಗುವ ಅಂಟದ ಪಟ್ಟಿಗಳು ಆಗ ನಮ್ಮ ಆಸ್ಪತ್ರೆಯಲ್ಲಿ ಇರಲಿಲ್ಲ. "ಬಾಳೆ ಎಲೆ" ಅಂದರು ಮೇಡಂ. ಅವರ ಗುರುಗಳ ಕಾಲದ ಪದ್ಧತಿಯಂತೆ. ನನಗೆ ತಕ್ಷಣ ನೆನಪಾದವರು ಶೆಟ್ಟರು. ಫೋನು ಮಾಡಿದೆ. "ಕುಡಿ ಎಲೆ ಬೇಕಾ? ನೀವು ಸುಮ್ಮನಿರಿ ಡಾಕ್ಟ್ರೇ, ಇಲ್ಲಿ ಜನ ಸ್ಟೀಲಿನ ತಟ್ಟೆಯಲ್ಲಿ ತಿಂದರೆ ಸಾಯುವುದಿಲ್ಲ" ಎಂದು ತಾವೇ ಸ್ಕೂಟರಿನ ಮೇಲೆ ಎಲೆಯ ಸುರುಳಿ ಹೊತ್ತು ತಂದರು. ಅವಳು ವಾರ್ಡಿನಲ್ಲಿದ್ದ ಅಷ್ಟೂ ದಿನ, ದಿನಾ ಬೆಳಿಗ್ಗೆ ತಂದರು. ಎಲೆಯನ್ನು ತೊಳೆದು, ಹಬೆಯಲ್ಲಿ ಶುದ್ಧ ಮಾಡಿ, ಆರಿಸಿ ಅವಳ ಕೆಳಗೆ ಹಾಸುತ್ತಿದ್ದೆವು. ಮೈ ಅಂಟಲಿಲ್ಲ. ಮೊದಲ ದಿನ ಎಲೆಯ ಮೇಲೆ ಮಲಗಿಸಿದಾಗ ಮಾದೇವಿ "ತಂಪ ಅದ" ಅಂದಳು. ಆ ಎರಡು ಮಾತಿಗೆ ಆ ಸಿಸ್ಟರ್ ಕಣ್ಣೊರೆಸಿಕೊಂಡರು.

ಸಾವು ಅಷ್ಟಕ್ಕೇ ಹೋಗಲಿಲ್ಲ. ಜ್ವರ ಏರಿತು, ಇಳಿಯಿತು, ಮತ್ತೆ ಏರಿತು. ಕಣ್ಣಿನ ಡಾಕ್ಟರು ದಿನಾ ಬಂದು ರೆಪ್ಪೆ ಗುಡ್ಡೆಗೆ ಅಂಟದ ಹಾಗೆ ಗಾಜಿನ ಕಡ್ಡಿಯಿಂದ ಬಿಡಿಸುತ್ತಿದ್ದರು. ಗಂಟೆಗೊಮ್ಮೆ ಹನಿ ಹಾಕಬೇಕು. ವಾರ್ಡಿನಲ್ಲಿ ಸಿಸ್ಟರುಗಳು ಕಡಿಮೆ. ಆಗ ಮುಂದೆ ಬಂದವಳು ನಿಂಗಮ್ಮ. ಮೊಣಕೈತನಕ ಸೋಪು ಹಚ್ಚಿ ಕೈ ತೊಳೆಯುವುದನ್ನು ಒಮ್ಮೆ ತೋರಿಸಿದ್ದೆ, ನಮ್ಮ ವಿದ್ಯಾರ್ಥಿಗಳು ಅವಳನ್ನು ನೋಡಿ ಕಲಿಯಬೇಕಿತ್ತು. ಹನಿ ಹಾಕುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ನನ್ನನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆ: "ಅವತ್ತು ನಮ್ಮನ್ನ ಹೊರಗ ಕಳಿಸಿ ಏನು ಕೇಳಿದ್ರಿ?"

ನಾನು ಹೇಳುವ ಹಾಗಿರಲಿಲ್ಲ. ಮಾದೇವಿ ಬೇಡ ಎಂದು ಕೈ ಹಿಡಿದಿದ್ದಳು. ಮೇಡಂ ಖಡಕ್ಕಾಗಿ ಹೇಳಿದ್ದರು, "ಸಲ್ಫಾ ಕೊಡಬಾರದು ಎಂಬುದು ಎಲ್ಲರಿಗೂ ತಿಳಿಯಬೇಕು. ಹಿಂದಿನ ಕತೆ ಅವಳದು. ಅವಳೇ ಹೇಳಲಿ, ಇಲ್ಲ ಬಿಡಲಿ." ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ನಾನು ಹವಾಮಾನದ ಮಾತಾಡಿ ಜಾರಿಕೊಳ್ಳುತ್ತಿದ್ದೆ. ಒಳಗೆ ಮಾತ್ರ ನನಗೆ ಭಯವಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ನಮ್ಮವರು ಹೇಳುತ್ತಾರೆ, ಆ ಸುಳ್ಳು ಬಯಲಾದಾಗ ಹೆಣ್ಣಿನ ಗತಿ ಏನೆಂದು ಯಾವ ಗಾದೆಯೂ ಹೇಳುವುದಿಲ್ಲ. ಈ ಹುಡುಗಿ ಬದುಕಿ ಎಲ್ಲಿಗೆ ಹೋಗಬೇಕು?

ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತು. ಒಂದು ಮಧ್ಯಾಹ್ನ ನಾನು ಹೋದಾಗ ನಿಂಗಮ್ಮ ಜೋಳದ ಗಂಜಿ ಆರಿಸಿ ಚಮಚದಲ್ಲಿ ಕುಡಿಸುತ್ತಿದ್ದಳು. ಮಾದೇವಿ ಅರ್ಧಕ್ಕೆ ಮುಖ ತಿರುಗಿಸಿದಳು. ನನ್ನನ್ನು ನೋಡಿದಳು, ಆಮೇಲೆ ಅತ್ತೆಯನ್ನು.

"ಅತ್ತಿ, ನನಗ ಸಣ್ಣಾಕಿ ಇದ್ದಾಗೂ ಹಿಂಗ ಆಗಿತ್ತು. ನಿಮಗ ಹೇಳಿಲ್ಲ. ಅವ್ವ ಹೇಳಬ್ಯಾಡ ಅಂದಿದ್ಲು."

ನಿಂಗಮ್ಮನ ಚಮಚ ಗಾಳಿಯಲ್ಲೇ ನಿಂತಿತು. ಅವಳು ಸೊಸೆಯ ಮುಖ ನೋಡಿದಳು, ಬಟ್ಟಲು ನೋಡಿದಳು.

"ಮೊದಲ ಗಂಜಿ ಕುಡಿ" ಅಂದಳು. "ಜಗಳ ಆಮ್ಯಾಲ ಮಾಡೂಣು. ನಿಮ್ಮವ್ವನ ಕೂಡ ಮಾಡ್ತೀನಿ, ನಿನ್ನ ಕೂಡ ಅಲ್ಲ."

ಮಾದೇವಿ ಕುಡಿದಳು. ಬಟ್ಟಲು ಖಾಲಿಯಾದ ಮೇಲೆ ನಿಂಗಮ್ಮ ಅದನ್ನು ಕೆಳಗಿಟ್ಟು ಕೂತಲ್ಲೇ ಬಿಕ್ಕಿದಳು. "ಆ ಡಾಕ್ಟರು ಕೇಳಿದ್ದು ಇದಕ್ಕ ರೀ. ಇದು ಬಾಯಿ ತೆಗಿಯೂದ್ರಾಗ ನಾನೇ ಏನೂ ಇಲ್ಲ ಅಂದೆ. ಇದರ ಬಾಯಿಗಿ ಅಡ್ಡ ನಿಂತಾಕಿ ನಾನು. ಹೆಸರು ಬದಲಿ ಮಾಡಿದ್ವಿ, ಮೈ ಬದಲಿ ಆಗ್ತದೇನ್ರೀ?" ಆಮೇಲೆ ಸೊಸೆಯ ತಲೆಯ ಮೇಲೆ, ಗಾಯವಿಲ್ಲದ ಜಾಗ ಹುಡುಕಿ, ಕೈಯಿಟ್ಟಳು. "ನಿಮ್ಮವ್ವ ಏನಂತ ಕರೀತಿದ್ಲು ನಿನಗ?"

ಇಷ್ಟು ವರ್ಷದ ವೃತ್ತಿಯಲ್ಲಿ ನಾನು ತಲೆಬಾಗಿದ್ದು ಇಬ್ಬರಿಗೆ: ರೆಪ್ಪೆಗೂದಲು ನೋಡಿದ ಸಾಠೆ ಮೇಡಂಗೆ, ಚಮಚ ಕೆಳಗಿಡದ ನಿಂಗಮ್ಮನಿಗೆ.

ಆಮೇಲೆ ನಮ್ಮ ವಿಭಾಗದಲ್ಲಿ ಒಂದು ಪ್ರಶ್ನೆ ಕಾಯಂ ಆಯಿತು. ಮದುವೆಯಾದ ಯಾವ ಹೆಣ್ಣುಮಗಳು ಬಂದರೂ, ಜೊತೆಗಿದ್ದವರನ್ನು ಹೊರಗೆ ಕೂರಿಸಿ, ತವರಿನ ಹೆಸರೇನು ಎಂದು ಕೇಳುವುದು. ಹಳೆಯ ಕಾಗದ ಹುಡುಕಲು ಅನುಕೂಲ ಎಂಬುದು ಒಂದು ಕಾರಣ. ಆ ಹೆಸರು ಕೇಳಿದ ಕೂಡಲೇ ಅವರ ಮುಖ ಸಡಿಲವಾಗುತ್ತದೆ, ಮಾತು ಹೊರಗೆ ಬರುತ್ತದೆ, ಇದು ಇನ್ನೊಂದು ಮತ್ತು ದೊಡ್ಡ ಕಾರಣ. ಔಷಧ ಆಗುವುದಿಲ್ಲವೆಂದು ಕೊಡುವ ಕಾರ್ಡಿನ ಮೇಲೆ ಎರಡೂ ಹೆಸರು ಬರೆಯುತ್ತಿದ್ದೆವು. ಹೊರಗಿನ ಡಾಕ್ಟರೊಬ್ಬರು ಬಂದಾಗ "ಇದೇನು ಜಾತಕ ಕೇಳುತ್ತಿದ್ದೀರಾ?" ಎಂದು ನಕ್ಕರಂತೆ. ನಗಲಿ ಬಿಡಿ.

ಈಗ ನಿಮ್ಮ ಕಾಲ ಬಹಳ ಮುಂದೆ ಹೋಗಿದೆ, ನನಗೆ ಸಂತೋಷವೇ. ಮೂರ್ಛೆಯ ಕೆಲವು ಗುಳಿಗೆ ಕೊಡುವ ಮೊದಲೇ ರಕ್ತ ಪರೀಕ್ಷೆ ಮಾಡಿ ಇಂಥವರಿಗೆ ಅಪಾಯ ಹೆಚ್ಚು ಎಂದು ಹೇಳಬಲ್ಲಿರಿ. ವಾಕಡದ ಫ್ಲಾಟಿನಿಂದ ಹುಡುಗರು ಮೊಬೈಲಿನಲ್ಲಿ ಚುಕ್ಕೆಯ ಫೋಟೋ ಕಳಿಸುತ್ತಾರೆ. ಸ್ಟಿರಾಯ್ಡ್ ಕೊಡಬೇಕೋ ಬೇಡವೋ ಎಂದು ನಾವು ಮೇಜು ಗುದ್ದಿ ಜಗಳವಾಡುತ್ತಿದ್ದೆವು, ನಿಮಗೆ ಬೇರೆ ಔಷಧಗಳೂ ಬಂದಿವೆ. ಆದರೆ ಫೋಟೋದಲ್ಲಿ ರೆಪ್ಪೆ ಎತ್ತಿ ನೋಡಲು ಬರುವುದಿಲ್ಲ. ಕುರ್ಚಿ ಎಳೆದುಕೊಂಡು ಕೂರಿ. ಅದಕ್ಕೆ ಇನ್ನೂ ಬದಲಿ ಸಿಕ್ಕಿಲ್ಲ.

ಮಾದೇವಿಯ ಕತೆ ಮುಗಿಸುತ್ತೇನೆ. ಅವಳ ಕಣ್ಣು ಉಳಿಯಿತು. ಬಿಸಿಲಿಗೆ ಕಪ್ಪು ಕನ್ನಡಕ ಬೇಕು, ಹನಿ ಬೇಕು, ಆದರೆ ಸೂಜಿಗೆ ದಾರ ಪೋಣಿಸುತ್ತಾಳೆ. ಕೆಲವು ವರ್ಷಗಳ ನಂತರ ನಿಂಗಮ್ಮ ಆಸ್ಪತ್ರೆಗೆ ಬಂದು ಕುಂಕುಮ ಕೊಟ್ಟು ಕರೆದಳು. ಸೊಸೆಗೆ ಕುಬಸ, ನಮ್ಮ ಕಡೆಯ ಸೀಮಂತ. ಅಷ್ಟರಲ್ಲಿ ನಿವೃತ್ತರಾಗಿದ್ದ ಸಾಠೆ ಮೇಡಂ ಅವರನ್ನೂ ಕರೆದುಕೊಂಡು ನಿಗಡಿಗೆ ಹೋದೆ. ಮನೆಯ ಮುಂದೆ ಪೆಂಡಾಲು, ಓಣಿಯ ಹೆಂಗಸರೆಲ್ಲ ಸೇರಿದ್ದರು. ಹಸಿರು ಸೀರೆ, ಹಸಿರು ಬಳೆ, ಮುಡಿ ತುಂಬ ಹೂವು ಮುಡಿದು ಮಾದೇವಿ ಕೂತಿದ್ದಳು. ಎಲೆ ಹಾಕಿ ಊಟ. ಎಲೆ ಯಾರ ಹೋಟೆಲಿನಿಂದ ಬಂದಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಆರತಿ ಆದ ಮೇಲೆ ಹೆಂಗಸರು ಗಂಟುಬಿದ್ದರು, "ಒಡಪು ಹೇಳು, ಗಂಡನ ಹೆಸರು ಹೇಳು!" ಬರಿದೇ ಹೆಸರು ಹೇಳಬಾರದು, ಪ್ರಾಸ ಕಟ್ಟಿ ಹೇಳಬೇಕು, ಅದೇ ಒಡಪು. ಸಾಮಾನ್ಯವಾಗಿ ಬೆಳ್ಳಿ ಬಟ್ಟಲು, ಬೆಣ್ಣೆ, ಮಲ್ಲಿಗೆ ಎಂದು ಏನೋ ಹೇಳಿ ನಾಚಿ ತಲೆ ತಗ್ಗಿಸುತ್ತಾರೆ. ಮಾದೇವಿ ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ತಲೆಯೆತ್ತಿ ಹೇಳಿದಳು:

"ಹಸರು ಸೀರಿ ಉಟ್ಟು ಕುಂತೀನಿ ಹತ್ತೂ ಮಂದಿ ಮುಂದ,
ಮೈಯ ತೊಗಲ ಕಳಕೊಂಡಿದ್ದೆ ಸಲ್ಫಾ ಗುಳಿಗಿಯಿಂದ.
ಅತ್ತಿ ಮನ್ಯಾಗ ಸ್ನೇಹಾ ನಾನು, ತವರಾಗ ಮಾದೇವಿ,
ಶರಣಪ್ಪನ ಹೆಸರು ಹೇಳತೀನಿ, ತೆರೀರಿ ಎಲ್ಲಾರೂ ಕಿವಿ."

ಶುಭಕಾರ್ಯದಲ್ಲಿ ಇದೆಂಥ ಮಾತು ಎಂದು ಒಬ್ಬ ಮುದುಕಿ ಬಾಯಿಯ ಮೇಲೆ ಸೆರಗು ಒತ್ತಿಕೊಂಡಳು. ಸಾಠೆ ಮೇಡಂಗೆ ಕನ್ನಡ ಬರುವುದಿಲ್ಲ, ಆದರೆ ಎರಡು ಹೆಸರೂ ಸಲ್ಫಾ ಎಂಬುದೂ ತಿಳಿದವು. ಅವರು ಕನ್ನಡಕ ತೆಗೆದು ಸೀರೆಯ ಅಂಚಿನಿಂದ ಒರೆಸತೊಡಗಿದರು. ಎಲ್ಲರೂ ನಿಂಗಮ್ಮನ ಕಡೆ ತಿರುಗಿದರು, ಅತ್ತೆ ಏನನ್ನುತ್ತಾಳೋ ಎಂದು.

ನಿಂಗಮ್ಮ ಆರತಿ ತಟ್ಟೆ ಪಕ್ಕಕ್ಕಿಟ್ಟು ಎದ್ದು ನಿಂತಳು.

"ಹಿಂದ ಕುಂತವರಿಗಿ ಕೇಳಿಸಿಲ್ಲ" ಅಂದಳು. "ಇನ್ನೊಮ್ಮಿ ಹೇಳು, ಮಾದೇವಿ. ಗಟ್ಟಿಯಾಗಿ ಹೇಳು."